ಗೃಹಸ್ಥ ಗೂಢಚಾರ: ‘ದಿ ಫ್ಯಾಮಿಲಿ ಮ್ಯಾನ್’ ಸರಣಿಯ ಗುಣದೋಷಗಳು, ಹೈದರಾಬಾದಿನ ಒರೆಗಲ್ಲಿನಲ್ಲಿ

ಭಾರತೀಯ ಕಿರುತೆರೆಯಲ್ಲಿ ಪತ್ತೇದಾರನಿಗೆ ದೊರೆತ ದೀರ್ಘಾಯುಷ್ಯ ಗೂಢಚಾರನಿಗೆ ಬಹುಕಾಲ ದೊರೆಯಲಿಲ್ಲ. ಕೊಲೆಯೊಂದು ನಡೆದು, ಕಥೆ ಮುಗಿಯುವುದರೊಳಗೆ ಕೊಲೆಗಾರ ಸಿಕ್ಕಿಬೀಳುವ ತನಿಖಾ ಧಾರಾವಾಹಿಗಳು ವರ್ಷಗಟ್ಟಲೆ ನಡೆದವು. 1998ರಲ್ಲಿ ಆರಂಭವಾದ ‘ಸಿಐಡಿ’ ಎರಡು ದಶಕಗಳ ಕಾಲ ಓಡಿದ್ದು ಇದಕ್ಕೆ ಸಾಕ್ಷಿ. ಬೇಹುಗಾರಿಕೆಯ ಕಥೆಗೆ ಈ ಚೌಕಟ್ಟು ಅಷ್ಟಾಗಿ ಒಗ್ಗುವುದಿಲ್ಲ. ಏಕೆಂದರೆ ಅಲ್ಲಿ ಅಪರಾಧ ಇನ್ನೂ ನಡೆದಿರುವುದಿಲ್ಲ, ನಡೆಯದಂತೆ ತಡೆಯುವುದೇ ಕಥಾನಾಯಕನ ಕೆಲಸ, ತಡೆದದ್ದು ಯಾರಿಗೂ ತಿಳಿಯದಿದ್ದರೆ ಮಾತ್ರ ಅದು ಯಶಸ್ಸು. ಈ ಬಗೆಯ ವಸ್ತುವಿಗೆ ಬೇಕಾದ ವ್ಯವಧಾನವನ್ನು ಕೊಟ್ಟದ್ದು ಅಂತರ್ಜಾಲದ ವೀಕ್ಷಣಾ ವೇದಿಕೆಗಳು. ಒಂದು ಕಥಾಘಟ್ಟದ ಕಂತುಗಳನ್ನೆಲ್ಲ ಒಟ್ಟಿಗೆ ಬಿಡುಗಡೆ ಮಾಡುವ, ‘ಸೀಸನ್’ ಎಂದು ಕರೆಯಲಾಗುವ ಪದ್ಧತಿ ಅವುಗಳಿಂದಾಗಿ ಇಲ್ಲಿ ರೂಢಿಗೆ ಬಂದಿತು. ಅಮೆಜಾನ್ ಪ್ರೈಮ್ ವೇದಿಕೆಯ ‘ದಿ ಫ್ಯಾಮಿಲಿ ಮ್ಯಾನ್’ ಈ ಪದ್ಧತಿಯಲ್ಲಿ ಬೆಳೆದ ಹಿಂದಿ ಗೂಢಚಾರ ಸರಣಿಗಳಲ್ಲಿ ಅತ್ಯಂತ ಹೆಚ್ಚು ಚರ್ಚೆಗೊಳಗಾದದ್ದು. 2019ರ ಸೆಪ್ಟೆಂಬರ್ 20ರಂದು ಹತ್ತು ಕಂತುಗಳ ಮೊದಲ ಸೀಸನ್, 2021ರ ಜೂನ್ 4ರಂದು ಒಂಬತ್ತು ಕಂತುಗಳ ಎರಡನೆಯದು, 2025ರ ನವೆಂಬರ್ 21ರಂದು ಏಳು ಕಂತುಗಳ ಮೂರನೆಯದು ಹೀಗೆ ಆರು ವರ್ಷಗಳಲ್ಲಿ ಇಪ್ಪತ್ತಾರು ಕಂತುಗಳು ಬಂದಿರುವುದರಿಂದ, ಬಿಡಿ ಕಂತಿನ ಸೋಲುಗೆಲುವುಗಳಾಚೆಗೆ ಇಡೀ ಸರಣಿಯನ್ನು ಒಂದು ಕೃತಿಯಾಗಿ ತೂಗಿ ನೋಡಲು ಈಗ ಸಾಧ್ಯವಾಗಿದೆ.

ಈ ತೂಕಕ್ಕೆ ಹೈದರಾಬಾದನ್ನು ಒರೆಗಲ್ಲಾಗಿ ಆರಿಸಿಕೊಳ್ಳುವುದಕ್ಕೆ ಕಾರಣಗಳಿವೆ. ಸರಣಿಯ ನಿರ್ಮಾತೃಗಳಾದ ರಾಜ್ ನಿಡಿಮೋರು ಮತ್ತು ಕೃಷ್ಣ ಡಿ.ಕೆ. ಇಬ್ಬರೂ ತೆಲುಗು ನಾಡಿನವರು; ತಿರುಪತಿಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದು, ಅನಂತರ ಚಿತ್ರರಂಗಕ್ಕೆ ಬಂದವರು. ಎರಡನೆಯ ಸೀಸನ್ನಿನ ಪ್ರತಿನಾಯಕಿಯಾದ ಸಮಂತಾ ಹೈದರಾಬಾದಿನ ಚಿತ್ರೋದ್ಯಮದಲ್ಲಿ ನೆಲೆಯೂರಿದ ತಾರೆ. ಬೆಂಗಳೂರಿನಲ್ಲಿ ಹುಟ್ಟಿದ ಪ್ರಿಯಾಮಣಿ ನಾಯಕನ ಪತ್ನಿಯಾಗಿಯೂ, ಕನ್ನಡದ ನಟ ಕಿಶೋರ್ ಕಮಾಂಡೊ ಪಡೆಯ ಅಧಿಕಾರಿ ಇಮ್ರಾನ್ ಪಾಷಾ ಆಗಿಯೂ ಇದರಲ್ಲಿದ್ದಾರೆ. ಆದರೆ ತಾರಾಬಳಗಕ್ಕಿಂತ ಮುಖ್ಯವಾದ ಕಾರಣ ಬೇರೆಯದು. ಸರಣಿಯು ಕಲ್ಪಿಸುವ ಸಂಗತಿಗಳೆಲ್ಲ, ಅಂದರೆ ಬಾಂಬ್ ದಾಳಿ, ತನಿಖೆ, ಸಂಶಯದ ಮೇಲಿನ ಬಂಧನ, ಖುಲಾಸೆ, ದೂರವಾಣಿ ಕದ್ದಾಲಿಕೆ ಎಲ್ಲವೂ, ಈ ನಗರದಲ್ಲಿ ನಿಜವಾಗಿಯೇ ನಡೆದು ನ್ಯಾಯಾಲಯದ ಕಡತಗಳಲ್ಲಿ ದಾಖಲಾಗಿವೆ. ಕಲ್ಪನೆ ಎಲ್ಲಿ ವಾಸ್ತವಕ್ಕೆ ಮುಖ ಕೊಡುತ್ತದೆ, ಎಲ್ಲಿ ಮುಖ ತಿರುಗಿಸುತ್ತದೆ ಎಂಬುದನ್ನು ನೋಡಲು ಆ ಕಡತಗಳು ನೆರವಾಗುತ್ತವೆ.

ಪರಂಪರೆ

ದಕ್ಷಿಣದ ಜನಪ್ರಿಯ ಸಂಸ್ಕೃತಿಗೆ ಗೂಢಚಾರ ಹೊಸಬನೇನಲ್ಲ. ತೆಲುಗಿನಲ್ಲಿ ಕೃಷ್ಣ ನಾಯಕರಾಗಿದ್ದ ‘ಗೂಢಚಾರಿ 116’ 1966ರಲ್ಲಿಯೇ ತೆರೆಕಂಡಿತು. ಕನ್ನಡದಲ್ಲಿ ದೊರೈ–ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯಿಂದ ಆರಂಭಿಸಿ, ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಚಿತ್ರಗಳ ಮೂಲಕ ಸಾಗಿ, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ತನಕ ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿ ತೋರಿಸಿತು. ಓದುಗರ ಲೋಕದಲ್ಲಿ ಕನ್ನಡಕ್ಕೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಹೇಗೋ, ತೆಲುಗಿಗೆ ಮಧುಬಾಬು ಅವರ ‘ಶಾಡೋ’ ಹಾಗೆ ಮನೆಮಾತಾದ ಹೆಸರು. ಈ ನಾಯಕರಲ್ಲಿ ಒಂದು ಸಮಾನ ಲಕ್ಷಣವಿದೆ. ಅವರಿಗೆ ಸಂಬಳದ ಚಿಂತೆಯಿಲ್ಲ, ಮಕ್ಕಳ ಶಾಲೆಯ ಗೊಡವೆಯಿಲ್ಲ, ಮೇಲಧಿಕಾರಿಗೆ ವರದಿ ಬರೆಯುವ ತಾಪತ್ರಯವೂ ಇಲ್ಲ. ಅವರ ವೃತ್ತಿಯೇ ಒಂದು ವಿಹಾರ. ಹೈದರಾಬಾದಿನ ಚಿತ್ರರಂಗ 2018ರಲ್ಲಿ ಅಡಿವಿ ಶೇಷ್ ಅವರ ‘ಗೂಢಚಾರಿ’ಯ ಮೂಲಕ ಈ ಪರಂಪರೆಯನ್ನು ಹೊಸ ಕಾಲಕ್ಕೆ ತಿರುಗಿಸಿತಾದರೂ, ಅಲ್ಲಿಯೂ ನಾಯಕನನ್ನು ನಡೆಸುವುದು ತಂದೆಯ ನೆನಪೇ ಹೊರತು ತಿಂಗಳ ಕೊನೆಯ ಲೆಕ್ಕಾಚಾರವಲ್ಲ.

ಗುಣಗಳು

‘ದಿ ಫ್ಯಾಮಿಲಿ ಮ್ಯಾನ್’ ತಂದ ಮೊದಲ ಬದಲಾವಣೆಯೆಂದರೆ ಗೂಢಚಾರನನ್ನು ನೌಕರನನ್ನಾಗಿ ಮಾಡಿದ್ದು. ಮನೋಜ್ ಬಾಜಪೇಯಿ ಅಭಿನಯಿಸಿದ ಶ್ರೀಕಾಂತ್ ತಿವಾರಿ ರಾಷ್ಟ್ರೀಯ ತನಿಖಾ ಸಂಸ್ಥೆಯ ಅಡಿಯಲ್ಲಿರುವ ‘ಟಾಸ್ಕ್’ ಎಂಬ ಕಾಲ್ಪನಿಕ ಘಟಕದ ಹಿರಿಯ ವಿಶ್ಲೇಷಕ. ಮನೆಯವರ ದೃಷ್ಟಿಯಲ್ಲಿ ಕಡತ ತಿರುವಿಹಾಕುವ ಸರ್ಕಾರಿ ಗುಮಾಸ್ತ. ವಡಾಪಾವ್ ತಿನ್ನುತ್ತ ಶಂಕಿತರ ಚಲನವಲನ ಗಮನಿಸುವ, ಭಯೋತ್ಪಾದಕರ ಬೆನ್ನು ಹತ್ತಿರುವಾಗಲೇ ಮಕ್ಕಳ ಶಾಲೆಯಿಂದ ಬಂದ ಕರೆಗೆ ಉತ್ತರಿಸಬೇಕಾದ ಈ ಮನುಷ್ಯ ಕಚೇರಿಯಲ್ಲಿ ಹೇಳುವ ಸುಳ್ಳಿಗೂ ಮನೆಯಲ್ಲಿ ಹೇಳುವ ಸುಳ್ಳಿಗೂ ಕೌಶಲ ಒಂದೇ. ಈ ಸಾಮ್ಯವನ್ನು ಸರಣಿ ಹಾಸ್ಯಕ್ಕೂ ಬಳಸುತ್ತದೆ, ನೋವಿಗೂ ಬಳಸುತ್ತದೆ. ಎರಡನೆಯ ಸೀಸನ್ನಿನ ಆರಂಭದಲ್ಲಿ ಅವನು ಸರ್ಕಾರಿ ಕೆಲಸ ಬಿಟ್ಟು ಖಾಸಗಿ ಐಟಿ ಕಂಪನಿಗೆ ಸೇರುತ್ತಾನೆ. ಅಲ್ಲಿ ವಯಸ್ಸಿನಲ್ಲಿ ತನಗಿಂತ ಬಹಳ ಕಿರಿಯನಾದ ಮೇಲಧಿಕಾರಿ ‘ಮಿನಿಮಮ್ ಗೈ’ ಆಗಬೇಡ, ಅಂದರೆ ಇದ್ದಷ್ಟರಲ್ಲೇ ತೃಪ್ತಿಪಡುವ ಆಸಾಮಿಯಾಗಬೇಡ ಎಂದು ಉಪದೇಶಿಸುವಾಗ ಶ್ರೀಕಾಂತನ ಮುಖದಲ್ಲಿ ಮೂಡುವ ಪೆಚ್ಚು ನಗು, ಕೊನೆಗೆ ಕೈಕೈ ಮಿಲಾಯಿಸುವ ಹಂತಕ್ಕೆ ಹೋಗಿ ಸ್ಫೋಟಿಸುವ ಅವನ ಸಿಟ್ಟು, ಇವೆರಡರ ನಡುವೆ ಒಂದು ಇಡೀ ವರ್ಗದ ಕಥೆಯಿದೆ. ಸಾಫ್ಟ್‌ವೇರ್ ಉದ್ಯೋಗವನ್ನು ಒಳಗಿನಿಂದ ಕಂಡ ನಿರ್ಮಾತೃಗಳಿಗೆ ಆ ಕಚೇರಿಯ ಭಾಷೆ, ಅಲ್ಲಿಯ ಉತ್ಸಾಹದ ಟೊಳ್ಳು ಚೆನ್ನಾಗಿ ಗೊತ್ತು; ಮಾಧಾಪುರ, ಗಚ್ಚಿಬೌಲಿಗಳ ಗಾಜಿನ ಕಟ್ಟಡಗಳಲ್ಲಿ ದುಡಿಯುವ ಹೈದರಾಬಾದಿನ ಪ್ರೇಕ್ಷಕನಿಗೂ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

ಎರಡನೆಯ ಗುಣ, ಎದುರಾಳಿಗೂ ಒಂದು ಬದುಕನ್ನು ಕೊಟ್ಟದ್ದು. ಮೊದಲ ಸೀಸನ್ನಿನ ಮೂಸಾ ಕೇರಳದ ವಿದ್ಯಾವಂತ ಯುವಕ. ನೀರಜ್ ಮಾಧವ್ ಅವನ ಮೃದುತ್ವವನ್ನೂ ಕ್ರೌರ್ಯವನ್ನೂ ಒಂದೇ ದನಿಯಲ್ಲಿ ಹಿಡಿದಿಟ್ಟಿದ್ದಾರೆ, ತಾಯಿಯ ದನಿ ಕೇಳಲು ಹಂಬಲಿಸುವವನೇ ನಿರ್ದಯವಾಗಿ ಕೊಲ್ಲಬಲ್ಲ ಎಂಬುದನ್ನು ನಂಬಿಸಿದ್ದಾರೆ. ಎರಡನೆಯ ಸೀಸನ್ನಿನ ರಾಜಿ, ಬಸ್ಸಿನಲ್ಲಿ ಪರಪುರುಷನ ಕಿರುಕುಳವನ್ನೂ ಕಾರ್ಖಾನೆಯಲ್ಲಿ ಮೇಲ್ವಿಚಾರಕನ ಕಾಟವನ್ನೂ ಕಣ್ಣು ನೆಲಕ್ಕೆ ನೆಟ್ಟು ಸಹಿಸುವ ಹೆಣ್ಣಾಗಿ ಮೊದಲು ಕಾಣಿಸಿಕೊಳ್ಳುತ್ತಾಳೆ. ಆ ಮೌನ ಅಬಲೆಯದಲ್ಲ, ಕಾರ್ಯಾಚರಣೆ ಬಯಲಾಗಬಾರದೆಂಬ ಕಾರಣಕ್ಕೆ ತರಬೇತಿ ಪಡೆದ ಹೋರಾಟಗಾರ್ತಿ ತನ್ನ ಮೇಲೆ ಹೇರಿಕೊಂಡ ಶಿಸ್ತು ಎಂಬುದು ನಿಧಾನವಾಗಿ ತಿಳಿಯುತ್ತದೆ. ಮೂರನೆಯ ಸೀಸನ್ನಿನಲ್ಲಿ ಜೈದೀಪ್ ಅಹ್ಲಾವತ್ ಅವರ ರುಕ್ಮಾ ಹಣಕ್ಕೆ ದುಡಿಯುವ ಹಂತಕನಾದರೂ ಅವನಿಗೂ ಆಪ್ತರಿದ್ದಾರೆ, ಕಳೆದುಕೊಳ್ಳುವುದೂ ಇದೆ.

ಮೂರನೆಯದು ಭಾಷೆಯ ವಿಚಾರ. ಹಿಂದಿ ಸರಣಿಗಳಲ್ಲಿ ದಕ್ಷಿಣ ಭಾರತೀಯ ಪಾತ್ರವೆಂದರೆ ವಿಚಿತ್ರ ಉಚ್ಚಾರದ ಹಿಂದಿ ಎಂಬ ಹಳೆಯ ರೂಢಿಯನ್ನು ಇದು ಬಹುಮಟ್ಟಿಗೆ ಬಿಟ್ಟುಕೊಟ್ಟಿತು. ಎರಡನೆಯ ಸೀಸನ್ನಿನ ದೊಡ್ಡ ಭಾಗ ತಮಿಳಿನಲ್ಲಿಯೇ ನಡೆಯುತ್ತದೆ, ಹಿಂದಿಯ ಪ್ರೇಕ್ಷಕ ಅಡಿಬರಹ ಓದಿಕೊಳ್ಳಬೇಕಾಗುತ್ತದೆ. ಮುಂಬೈಯಿಂದ ಚೆನ್ನೈಗೆ ಬಂದ ಅಧಿಕಾರಿಗಳು ರವೀಂದ್ರ ವಿಜಯ್ ಅವರ ಮುತ್ತು, ದೇವದರ್ಶಿನಿ ಅವರ ಉಮಯಾಳ್ ಮುಂತಾದ ಸ್ಥಳೀಯರ ನೆರವಿಲ್ಲದೆ ಹೆಜ್ಜೆ ಇಡಲಾರರು. ನಿವೃತ್ತ ಬೇಹುಗಾರ ಚೆಲ್ಲಂ ಸರ್ ಪಾತ್ರದಲ್ಲಿ ಉದಯ್ ಮಹೇಶ್ ತೆರೆಯ ಮೇಲಿದ್ದದ್ದು ಸ್ವಲ್ಪವೇ ಹೊತ್ತಾದರೂ, ಕೇಳಿದ ಪ್ರಶ್ನೆಗೆಲ್ಲ ಉತ್ತರ ಬಲ್ಲ ಆ ಮುಖ ದೇಶದ ಉದ್ದಗಲಕ್ಕೂ ನಗೆಚಿತ್ರಗಳ ವಸ್ತುವಾಯಿತು. ತೆಲುಗು, ಉರ್ದು, ದಖ್ಖನಿ, ಮರಾಠಿ, ಕನ್ನಡಗಳ ನಡುವೆ ದಿನ ಕಳೆಯುವ ಹೈದರಾಬಾದಿಗರಿಗೆ ಈ ಬಹುಭಾಷಿಕತೆ ಸಹಜವೆನಿಸಿದರೆ ಆಶ್ಚರ್ಯವಿಲ್ಲ. ಇದರ ಜೊತೆಗೆ ಕುಸುರಿಯ ಗುಣವನ್ನೂ ಹೇಳಬೇಕು: ಮೊದಲ ಸೀಸನ್ನಿನ ಆಸ್ಪತ್ರೆಯ ಗುಂಡಿನ ಕಾಳಗದಲ್ಲಿ ಕ್ಯಾಮೆರಾ ಕತ್ತರಿಯಿಲ್ಲದಂತೆ ಮೆಟ್ಟಿಲು, ಓಣಿ, ಕೋಣೆಗಳನ್ನು ಹಾದುಹೋಗುವಾಗ ಪ್ರೇಕ್ಷಕನಿಗೂ ಪೊಲೀಸರಷ್ಟೇ ದಿಕ್ಕು ತಪ್ಪುತ್ತದೆ, ಗೊಂದಲವನ್ನು ರೋಮಾಂಚನವಾಗಿ ಮಾರದೆ ಗೊಂದಲವಾಗಿಯೇ ತೋರಿಸುವ ಇಂತಹ ದೃಶ್ಯಗಳು ಹಿಂದಿಯಲ್ಲಿ ವಿರಳ.

ದೋಷಗಳು

ಸರಣಿಯ ಮೊದಲ ದೋಷ ಸಂಸ್ಥೆಯ ಕಲ್ಪನೆಯಲ್ಲೇ ಇದೆ. ವಾಸ್ತವದಲ್ಲಿ ಗುಪ್ತಚರ ದಳ, ಅಂದರೆ ಐಬಿ, ದೇಶದೊಳಗಿನ ಮಾಹಿತಿ ಕಲೆಹಾಕುತ್ತದೆ. 1968ರಲ್ಲಿ ಸ್ಥಾಪನೆಯಾದ ‘ರಾ’ ವಿದೇಶಗಳಲ್ಲಿ ಅದೇ ಕೆಲಸ ಮಾಡುತ್ತದೆ. ಮುಂಬೈ ದಾಳಿಯ ಬೆನ್ನಿಗೆ 2008ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ತನಿಖಾ ಸಂಸ್ಥೆ, ಅಂದರೆ ಎನ್‌ಐಎ, ಪ್ರಕರಣ ದಾಖಲಿಸಿ, ಸಾಕ್ಷ್ಯ ಒದಗಿಸಿ, ವಿಶೇಷ ನ್ಯಾಯಾಲಯದ ಮುಂದೆ ವಾದಿಸಬೇಕಾದ ತನಿಖಾ ಸಂಸ್ಥೆ. ಟಾಸ್ಕ್ ಈ ಮೂರನ್ನೂ ಒಂದೇ ಕೈಗೆ ಕೊಟ್ಟು, ಬಂದೂಕನ್ನೂ ಸೇರಿಸುತ್ತದೆ. ಕಥೆಗೆ ಇದರಿಂದ ವೇಗ ಬಂದಿದೆ ನಿಜ. ಆದರೆ ನ್ಯಾಯಾಲಯ ಎಂಬ ಸಂಸ್ಥೆ ಕಥೆಯಿಂದ ಹೆಚ್ಚುಕಡಿಮೆ ಮಾಯವಾಗಿದೆ. ಶಂಕಿತ ಸಿಕ್ಕಿದನೆಂದರೆ ವಿಚಾರಣೆಯ ಕೋಣೆ, ಅಲ್ಲಿಂದ ಮುಂದಿನ ಸುಳಿವು, ಅಷ್ಟೇ. ಹೈದರಾಬಾದಿನ ಅನುಭವ ಬೇರೆ. 2013ರ ಫೆಬ್ರುವರಿ 21ರಂದು ದಿಲ್‌ಸುಖ್‌ನಗರದಲ್ಲಿ ನಡೆದ ಜೋಡಿ ಸ್ಫೋಟದ ಪ್ರಕರಣವನ್ನು ಎನ್‌ಐಎ ತನಿಖೆ ಮಾಡಿ, 2016ರ ಡಿಸೆಂಬರಿನಲ್ಲಿ ಕರಾವಳಿ ಕರ್ನಾಟಕ ಮೂಲದ ಯಾಸೀನ್ ಭಟ್ಕಳ ಸೇರಿದಂತೆ ಐವರಿಗೆ ವಿಶೇಷ ನ್ಯಾಯಾಲಯದಲ್ಲಿ ಮರಣದಂಡನೆಯಾಯಿತು, 2025ರ ಏಪ್ರಿಲಿನಲ್ಲಿ ತೆಲಂಗಾಣ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹನ್ನೆರಡು ವರ್ಷಗಳ ಈ ಹಾದಿಯಲ್ಲಿ ಒಂದೂ ಬೆನ್ನಟ್ಟುವ ದೃಶ್ಯವಿಲ್ಲದಿರಬಹುದು. ಆದರೆ ಸಾಕ್ಷ್ಯವನ್ನು ಶಿಕ್ಷೆಯವರೆಗೆ ಒಯ್ಯುವ ಪರಿಶ್ರಮವೇ ಆ ವೃತ್ತಿಯ ತಿರುಳು, ಸರಣಿಗೆ ಅದು ಬೇಡವಾಗಿದೆ.

ಎರಡನೆಯ ದೋಷ ಕದ್ದಾಲಿಕೆಯ ಸರಾಗತೆ. ಶ್ರೀಕಾಂತನ ತಂಡ ಯಾವ ಮೊಬೈಲನ್ನು ಬೇಕಾದರೂ ಕ್ಷಣದಲ್ಲಿ ಆಲಿಸುತ್ತದೆ. ಅದಕ್ಕೆ ಯಾರ ಅನುಮತಿ ಬೇಕು ಎಂಬ ಪ್ರಶ್ನೆ ಕಥೆಯನ್ನು ಕಾಡುವುದಿಲ್ಲ. ದೂರವಾಣಿ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿ ಮಟ್ಟದ ಲಿಖಿತ ಆದೇಶ ಬೇಕು, ಆ ಆದೇಶವನ್ನು ಸಮಿತಿಯೊಂದು ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿಯೇ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಪ್ರಕರಣದಲ್ಲಿ ವಿಧಿಸಿದೆ. ಈ ಕಾಗದಪತ್ರ ಬರಿಯ ಔಪಚಾರಿಕತೆಯಲ್ಲ ಎಂಬುದನ್ನು ಹೈದರಾಬಾದ್ ಕಂಡಿದೆ. ನಕ್ಸಲ್ ಚಟುವಟಿಕೆಗಳ ಮೇಲೆ ಕಣ್ಣಿಡಲೆಂದು ಇದ್ದ ರಾಜ್ಯ ಪೊಲೀಸರ ವಿಶೇಷ ಗುಪ್ತಚರ ವಿಭಾಗವನ್ನು ಹಿಂದಿನ ಸರ್ಕಾರದ ಕಾಲದಲ್ಲಿ ರಾಜಕಾರಣಿಗಳೇ ಮೊದಲಾದವರ ದೂರವಾಣಿ ಆಲಿಸಲು ಬಳಸಲಾಯಿತು, ಸಾಕ್ಷ್ಯವಿದ್ದ ಹಾರ್ಡ್ ಡಿಸ್ಕ್‌ಗಳನ್ನು ನಾಶಪಡಿಸಲಾಯಿತು ಎಂಬ ಆರೋಪದ ಮೇಲೆ 2024ರ ಮಾರ್ಚಿನಲ್ಲಿ ಪೊಲೀಸ್ ಅಧಿಕಾರಿಗಳೇ ಬಂಧನಕ್ಕೊಳಗಾದರು. ಆರೋಪದ ಸತ್ಯಾಸತ್ಯತೆಯನ್ನು ನ್ಯಾಯಾಲಯ ತೀರ್ಮಾನಿಸಬೇಕು. ಆದರೂ ಕದ್ದಾಲಿಸುವವನ ಕೈ ಎಂದೂ ತಪ್ಪುದಾರಿ ಹಿಡಿಯದೆಂಬ ಸರಣಿಯ ನಂಬಿಕೆಗೆ ಈ ಪ್ರಕರಣ ತಕ್ಕ ಪ್ರಶ್ನೆ.

ಮೂರನೆಯ ದೋಷ ಎಲ್ಲಕ್ಕಿಂತ ಗಂಭೀರವಾದದ್ದು, ಏಕೆಂದರೆ ಅದು ಸರಣಿಯ ಅತ್ಯುತ್ತಮ ಕಥಾಭಾಗದ ಬೆನ್ನಿಗೇ ಅಂಟಿಕೊಂಡಿದೆ. ಮೊದಲ ಸೀಸನ್ನಿನಲ್ಲಿ ಕರೀಂ ಎಂಬ ಕಾಲೇಜು ವಿದ್ಯಾರ್ಥಿ ತನ್ನ ಗೆಳೆಯರೊಡನೆ ಒಂದು ರಾಜಕೀಯ ಪ್ರತಿಭಟನೆಯನ್ನು ಗುಟ್ಟಾಗಿ ಯೋಜಿಸಿರುತ್ತಾನೆ. ಅವರ ಮಾತುಕತೆಯನ್ನು ಭಯೋತ್ಪಾದಕ ದಾಳಿಯ ಸಂಚೆಂದು ತಪ್ಪಾಗಿ ತಿಳಿದ ತಂಡದ ಕಾರ್ಯಾಚರಣೆಯಲ್ಲಿ ಅವರು ಗುಂಡಿಗೆ ಬಲಿಯಾಗುತ್ತಾರೆ, ಸತ್ತವರ ಮೇಲಿನ ಕಳಂಕ ಅಧಿಕೃತ ದಾಖಲೆಯಲ್ಲಿ ಹಾಗೆಯೇ ಉಳಿಯುತ್ತದೆ. ತಪ್ಪು ನಡೆದಿದೆ ಎಂದು ಒಪ್ಪಿಕೊಳ್ಳುವ ಧೈರ್ಯವನ್ನು ಹಿಂದಿಯ ಯಾವ ಗೂಢಚಾರ ಕಥೆಯೂ ಇಷ್ಟು ಸ್ಪಷ್ಟವಾಗಿ ತೋರಿರಲಿಲ್ಲ. ಆದರೆ ಅನಂತರ ಕಥೆ ಹಿಂಬಾಲಿಸುವುದು ಶ್ರೀಕಾಂತನ ಪಾಪಪ್ರಜ್ಞೆಯನ್ನು, ಕಾಶ್ಮೀರಕ್ಕಾದ ಅವನ ವರ್ಗಾವಣೆಯನ್ನು. ಕರೀಮನ ಮನೆಯಲ್ಲಿ ಏನಾಯಿತು, ಅವನ ಹೆಸರಿಗಂಟಿದ ಮಸಿಯನ್ನು ಯಾರಾದರೂ ತೊಳೆದರೇ ಎಂಬ ಪ್ರಶ್ನೆಗಳನ್ನು ಮುಂದಿನ ಎರಡು ಸೀಸನ್‌ಗಳು ಎತ್ತಿಕೊಳ್ಳುವುದಿಲ್ಲ.

ಹೈದರಾಬಾದಿನ ಕಡತಗಳು ಅತ್ಯಂತ ದಪ್ಪವಾಗಿರುವುದು ಇಲ್ಲಿಯೇ. 2007ರ ಮೇ 18ರ ಶುಕ್ರವಾರ ಮೆಕ್ಕಾ ಮಸೀದಿಯಲ್ಲಿ ಬಾಂಬ್ ಸಿಡಿದು ಒಂಬತ್ತು ಮಂದಿಯೂ, ಬಳಿಕದ ಪೊಲೀಸ್ ಗೋಲಿಬಾರಿನಲ್ಲಿ ಐವರೂ ಸತ್ತರು. ಅದೇ ವರ್ಷದ ಆಗಸ್ಟ್ 25ರಂದು ಲುಂಬಿನಿ ಪಾರ್ಕಿನಲ್ಲಿಯೂ, ಕೋಟಿಯ ಗೋಕುಲ್ ಚಾಟ್‌ನಲ್ಲಿಯೂ ನಡೆದ ಸ್ಫೋಟಗಳು ನಲವತ್ತಕ್ಕೂ ಹೆಚ್ಚು ಜೀವಗಳನ್ನು ತೆಗೆದವು. ಮೆಕ್ಕಾ ಮಸೀದಿಯ ಸ್ಫೋಟದ ನಂತರ ಸಂಶಯದ ಮೇಲೆ ಹಿಡಿಯಲಾದ ಹಲವಾರು ಮುಸ್ಲಿಂ ಯುವಕರು ಮುಂದೆ ಖುಲಾಸೆಯಾದರು. ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಶಿಫಾರಸನ್ನು ಅನುಸರಿಸಿ ಆಗಿನ ಆಂಧ್ರಪ್ರದೇಶ ಸರ್ಕಾರ ಅವರಲ್ಲಿ ಎಪ್ಪತ್ತು ಮಂದಿಗೆ ಪರಿಹಾರಧನವನ್ನು ಮಂಜೂರು ಮಾಡಿತು, 2013ರಲ್ಲಿ ಹೈಕೋರ್ಟ್ ಆ ಪರಿಹಾರದ ಆದೇಶವನ್ನು ರದ್ದುಪಡಿಸಿತು. ಸ್ಫೋಟದ ಮೂಲ ಪ್ರಕರಣ ಸಿಬಿಐ ಕೈಯಿಂದ ಎನ್‌ಐಎಗೆ ಹೋಗಿ, ಬೇರೆಯದೇ ಗುಂಪಿನವರ ಮೇಲೆ ಆರೋಪ ಹೊರಿಸಲಾಗಿ, 2018ರ ಏಪ್ರಿಲ್ 16ರಂದು ನಾಂಪಲ್ಲಿಯ ವಿಶೇಷ ನ್ಯಾಯಾಲಯ ವಿಚಾರಣೆ ಎದುರಿಸಿದ ಐವರನ್ನೂ ಸಾಕ್ಷ್ಯಾಭಾವದಿಂದ ಬಿಡುಗಡೆ ಮಾಡಿತು. ಜೈಲಿನಿಂದ ಹೊರಬಂದವನಿಗೆ ಕೆಲಸ ಕೊಡುವವರು ಯಾರು, ಅವನ ತಂಗಿಯ ಮದುವೆ ಹೇಗೆ, ಬಾಂಬಿಗೆ ಮಗನನ್ನು ಕಳೆದುಕೊಂಡವರಿಗೆ ಅಪರಾಧಿ ಯಾರೆಂದು ಹೇಳುವವರು ಯಾರು ಎಂಬ ಪ್ರಶ್ನೆಗಳು ಉಳಿದವು. ಗೂಢಚಾರ ಕಥೆಯೊಂದಕ್ಕೆ ಇದಕ್ಕಿಂತ ಹಿರಿದಾದ ವಸ್ತು ಇನ್ನೊಂದಿರಲಾರದು. ಕರೀಮನ ಪ್ರಸಂಗದಲ್ಲಿ ಸರಣಿ ಅದರ ಹೊಸ್ತಿಲವರೆಗೆ ಬಂದು ಹಿಂದಿರುಗಿತು.

ಉಳಿದ ದೋಷಗಳನ್ನು ಚುಟುಕಾಗಿ ಹೇಳಬಹುದು. ಪತ್ನಿ ಸುಚಿತ್ರಾಳಿಗೆ ಸ್ವಂತ ವೃತ್ತಿ, ಸ್ವಂತ ಅತೃಪ್ತಿ ಕೊಟ್ಟ ಕಥೆಯೇ ಅವಳನ್ನು ಲೋನಾವಳಾದಲ್ಲಿ ಏನು ನಡೆಯಿತು ಎಂಬ ಒಂದೇ ಗುಟ್ಟಿಗೆ ಇಳಿಸಿ, ಅದನ್ನು ಸೀಸನ್‌ನಿಂದ ಸೀಸನ್ನಿಗೆ ಎಳೆಯಿತು. ಮಗಳು ಧೃತಿಯ ಅಪಹರಣ ತಂದೆಯ ಕರ್ತವ್ಯವನ್ನೂ ಮನೆಯನ್ನೂ ಒಂದೇ ಗಂಟಿಗೆ ಕಟ್ಟಲು ಹೂಡಿದ ಉಪಾಯವಾಗಿ ಕಂಡಿತು. ಮೊದಲ ಸೀಸನ್ನಿಗೆ ಕಾಶ್ಮೀರ, ಎರಡನೆಯದಕ್ಕೆ ಶ್ರೀಲಂಕಾ ತಮಿಳರ ಹೋರಾಟ, ಮೂರನೆಯದಕ್ಕೆ ನಾಗಾಲ್ಯಾಂಡ್ ಎಂದು ಅಂಚಿನ ನೆಲಗಳನ್ನೇ ಒಂದಾದ ಮೇಲೊಂದರಂತೆ ಅಪಾಯದ ಮೂಲವಾಗಿ ಆರಿಸಿಕೊಂಡದ್ದರಿಂದ, ಆ ನೆಲಗಳ ಜನರಿಗೆ ತಾವು ಕಥೆಯ ಪಾತ್ರಗಳಲ್ಲ, ಕಥೆಯ ಸಮಸ್ಯೆ ಎಂಬ ಭಾವ ಬರುವುದು ಸಹಜ. ಎರಡನೆಯ ಸೀಸನ್ ಬಿಡುಗಡೆಗೆ ಮುನ್ನ 2021ರ ಮೇ ತಿಂಗಳಲ್ಲಿ ತಮಿಳುನಾಡು ಸರ್ಕಾರವೇ ಅದನ್ನು ತಡೆಯುವಂತೆ ಕೇಂದ್ರಕ್ಕೆ ಪತ್ರ ಬರೆದಿತ್ತು. ಮೈಬಣ್ಣ ಕಪ್ಪಾಗಿಸಿ ಸಮಂತಾರನ್ನು ತೋರಿಸಿದ್ದಕ್ಕೂ ಆಕ್ಷೇಪ ಬಂದಿತ್ತು. ಅತ್ತ ಮೊದಲ ಸೀಸನ್ನಿನ ಕಾಶ್ಮೀರದ ಸಂಭಾಷಣೆಗಳನ್ನು ಆರೆಸ್ಸೆಸ್ ಚಿಂತನೆಯ ‘ಪಾಂಚಜನ್ಯ’ ಪತ್ರಿಕೆ ಟೀಕಿಸಿತ್ತು. ಎರಡೂ ಕಡೆಯವರು ಬೈದರೆಂಬುದು ಸಮತೋಲನಕ್ಕೆ ಪುರಾವೆಯಾಗುವುದಿಲ್ಲ. ಪ್ರತಿಯೊಂದು ಆಕ್ಷೇಪವನ್ನೂ ಬೇರೆಯಾಗಿಯೇ ತೂಗಬೇಕು. ಮೂರನೆಯ ಸೀಸನ್ನಿನಲ್ಲಿ ಶ್ರೀಕಾಂತನೇ ಸಂಶಯಕ್ಕೊಳಗಾಗಿ ಕುಟುಂಬಸಮೇತ ಪರಾರಿಯಾಗುವುದು ಒಳ್ಳೆಯ ತಿರುವೇ ಆಗಿದ್ದರೂ, ನಾಲ್ಕು ವರ್ಷಗಳಿಗೂ ಮೀರಿ ಕಾದ ಪ್ರೇಕ್ಷಕನಿಗೆ ಕೊನೆಯ ಕಂತು ಮುಕ್ತಾಯವನ್ನು ಕೊಡದೆ ಮುಂದಿನ ಸೀಸನ್ನಿನ ಜಾಹೀರಾತಿನಂತೆ ನಿಂತುಹೋಗುತ್ತದೆ.

ತುಲನೆ ಮತ್ತು ತೀರ್ಮಾನ

ಹೊರಗಿನ ಸರಣಿಗಳೊಡನೆ ಹೋಲಿಸಿದರೆ ಈ ಗುಣದೋಷಗಳ ಪ್ರಮಾಣ ಸ್ಪಷ್ಟವಾಗುತ್ತದೆ. ಬಿಬಿಸಿಯ ‘ಸ್ಪೂಕ್ಸ್’ 2002ರಿಂದ 2011ರವರೆಗೆ ಹತ್ತು ಸೀಸನ್‌ಗಳ ಕಾಲ ನಡೆದದ್ದು, ಮುಖ್ಯ ಪಾತ್ರಗಳನ್ನೇ ನಿರ್ದಾಕ್ಷಿಣ್ಯವಾಗಿ ಕೊಂದು ಸಂಸ್ಥೆಯನ್ನು ನಾಯಕನನ್ನಾಗಿ ಉಳಿಸಿಕೊಂಡದ್ದರಿಂದ. ‘ದಿ ಫ್ಯಾಮಿಲಿ ಮ್ಯಾನ್’ ಒಬ್ಬನೇ ನಟನ ಮುಖಕ್ಕೆ ಕಟ್ಟುಬಿದ್ದಿದೆ. ದಾಂಪತ್ಯವನ್ನೇ ಬೇಹುಗಾರಿಕೆಯ ರೂಪಕವಾಗಿಸಿದ ಅಮೆರಿಕದ ‘ದಿ ಅಮೆರಿಕನ್ಸ್’ ಆರು ಸೀಸನ್‌ಗಳಲ್ಲಿ ಗಂಡ–ಹೆಂಡತಿ ಇಬ್ಬರನ್ನೂ ಸಮಾನ ಗೂಢಚಾರರನ್ನಾಗಿ ಇಟ್ಟಿತು. ಇಲ್ಲಿ ಹೆಂಡತಿ ಸತ್ಯ ತಿಳಿಯಲು ಕಾಯುವವಳು. ಸ್ವದೇಶದಲ್ಲಿ ನೀರಜ್ ಪಾಂಡೆ ಅವರ ‘ಸ್ಪೆಷಲ್ ಆಪ್ಸ್’ 2020ರಲ್ಲಿ ಒಂದು ಕುತೂಹಲಕರ ಚೌಕಟ್ಟನ್ನು ಕಂಡುಕೊಂಡಿತು: ನಾಯಕ ಹಿಮ್ಮತ್ ಸಿಂಗ್ ಮಾಡಿದ ಖರ್ಚಿನ ಲೆಕ್ಕ ಕೇಳಲು ವಿಚಾರಣಾ ಸಮಿತಿಯೊಂದು ಕೂರುತ್ತದೆ, ಅವನ ಉತ್ತರಗಳೇ ಕಥೆಯಾಗುತ್ತವೆ. ಸಮಿತಿಯನ್ನು ಲಘುವಾಗಿ ಕಂಡರೂ, ಗೂಢಚಾರನಿಂದ ಲೆಕ್ಕ ಕೇಳುವ ಹಕ್ಕು ಯಾರಿಗೋ ಇದೆ ಎಂಬ ಒಪ್ಪಿಗೆಯಾದರೂ ಅಲ್ಲಿದೆ. ಪ್ರಕಾಶ್ ರಾಜ್ ಅಭಿನಯದ ‘ಮುಖ್ಬಿರ್’ 1965ರ ಯುದ್ಧಕಾಲಕ್ಕೆ ಹಿಂದಿರುಗಿ, ಮಾಹಿತಿದಾರನ ಒಂಟಿತನವನ್ನು ಮುಂದಿಟ್ಟಿತು. ಇವುಗಳ ನಡುವೆ ‘ದಿ ಫ್ಯಾಮಿಲಿ ಮ್ಯಾನ್’ ಹಾಸ್ಯದಲ್ಲಿಯೂ ನಟನೆಯಲ್ಲಿಯೂ ಭಾಷೆಯ ಜೀವಂತಿಕೆಯಲ್ಲಿಯೂ ಮುಂದಿದೆ, ಉತ್ತರದಾಯಿತ್ವದ ಪ್ರಶ್ನೆಯಲ್ಲಿ ಹಿಂದಿದೆ.

ಒಟ್ಟಾರೆ ನೋಡಿದರೆ ಈ ಸರಣಿಯ ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟಿವೆ. ಅದು ಗೂಢಚಾರನಿಗೆ ಸಂಸಾರ ಕೊಟ್ಟಿತು, ಅವನ ಎದುರಾಳಿಗೂ ಸಂಸಾರದ ನೆನಪು ಕೊಟ್ಟಿತು. ಇಬ್ಬರ ನಡುವೆ ಸಿಕ್ಕಿಬಿದ್ದ ಮೂರನೆಯವನಿಗೆ, ಅಪರಾಧವನ್ನೇ ಮಾಡದ ಶಂಕಿತನಿಗೆ, ಕೆಲವು ಕಂತುಗಳಷ್ಟು ಜಾಗ ಕೊಟ್ಟು ಮರೆತುಬಿಟ್ಟಿತು. ಮನೆಮಂದಿಯ ಕಣ್ಣಿನಿಂದ ರಾಜ್ಯಶಕ್ತಿಯನ್ನು ನೋಡುವುದೇ ಸರಣಿಯ ಹೊಸತನವಾದರೆ, ಆ ಹೊಸತನ ಪೂರ್ಣವಾಗುವುದು ಪೊಲೀಸ್ ಜೀಪು ಬಂದು ನಿಂತ ಮನೆಯ ಬಾಗಿಲಿನಿಂದಲೂ ಅದನ್ನು ನೋಡಿದಾಗ ಮಾತ್ರ. ಅರ್ಧಕ್ಕೆ ನಿಂತಿರುವ ಕಥೆ ಮುಂದುವರಿಯುವುದಾದರೆ, ಹೊಸ ಗಡಿಯೊಂದನ್ನು ಹುಡುಕುವ ಅಗತ್ಯ ನಿರ್ಮಾತೃಗಳಿಗಿಲ್ಲ. ಕರೀಮನ ಕಡತವನ್ನು ಮತ್ತೆ ತೆರೆಸಿ, ಶ್ರೀಕಾಂತ್ ತಿವಾರಿಯನ್ನು ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಲ್ಲಿಸಿದರೆ ಸಾಕು.